ಸಣ್ಣ ಟ್ರ್ಯಾಕ್ಟರಿನ ಹಿಂದಿನ ಲಿಂಕೇಜ್ ಬಗ್ಗಿದ್ರೆ ಸರಿ ಮಾಡುದು ಹೇಗೆ, ಎಂತ ಹೊಸತು ಹಾಕ್ಬೇಕು, ಎಂತ ಹಾಕ್ಬಾರ್ದು

ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಸಣ್ಣ ಟ್ರ್ಯಾಕ್ಟರ್ ತಗೊಂಡು ನಾಲ್ಕೈದು ವರ್ಷ ಆದವರ ಶೆಡ್ಡಿಗೆ ಹೋಗಿ ನೋಡಿ, ಇಂಜಿನ್ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗ್ತದೆ, ಟಯರ್ ಇನ್ನೂ ಉಂಟು, ಹಿಂದೆ ರೋಟವೇಟರ್, ನೇಗಿಲಿನಂಥ ಸಾಮಾನು ಕಟ್ಟುವ ಲಿಂಕೇಜ್ ಮಾತ್ರ ಲಡಕಾಸಿ. ಕೆಳಗಿನ ಎರಡು ತೋಳುಗಳಲ್ಲಿ ಒಂದು, ಅಂದ್ರೆ ಲೋವರ್ ಲಿಂಕ್, ಒಳಗೆ ಬಗ್ಗಿರ್ತದೆ, ಅದನ್ನು ಬದಿಗೆ ಓಡದ ಹಾಗೆ ಹಿಡಿಯುವ ಚೆಕ್ ಚೈನಿನ ಜಾಗದಲ್ಲಿ ಬೈಂಡಿಂಗ್ ವಯರ್, ಹಿಚ್ ಪಿನ್ನಿನ ಜಾಗದಲ್ಲಿ ಯಾವುದೋ ಹಳೇ ಬೋಲ್ಟ್, ಅದು ಜಾರದ ಹಾಗೆ ಹಾಕುವ ಲಿಂಚ್ ಪಿನ್ನಿನ ಜಾಗದಲ್ಲಿ ಮೂರಿಂಚಿನ ಮೊಳೆ. ಕಂಪೆನಿಗೆ ಬೈದು ಪ್ರಯೋಜನ ಇಲ್ಲ ಮಾರಾಯ್ರೆ. ಅಡಿಕೆ ತೋಟದಲ್ಲಿ ಸಾಲಿಂದ ಸಾಲಿಗೆ 2.7 ಮೀಟರ್, ಅದ್ರಲ್ಲಿ ನಡುವೆ ಕಣಿ, ಕಣಿಯ ಬದಿಯಲ್ಲಿ ಹಳೇ ಮರದ ಕುತ್ತಿ, ಮಣ್ಣಿನಡಿಯಲ್ಲಿ ಎಲ್ಲಿ ಮುರಕಲ್ಲು ತಲೆ ಎತ್ತಿ ಕೂತಿದೆ ಅಂತ ದೇವರಿಗೇ ಗೊತ್ತು. ಅಂಥಲ್ಲಿ ರೋಟವೇಟರ್ ಕಟ್ಟಿ ಹಿಂದೆ ಮುಂದೆ ಮಾಡುವಾಗ ಲಿಂಕೇಜಿಗೆ ಬೀಳುವ ಪೆಟ್ಟು ಗದ್ದೆ ಉಳುವಾಗ ಬೀಳುದೇ ಇಲ್ಲ.

ಸರಿ ಮಾಡುದು ದೊಡ್ಡ ವಿದ್ಯೆ ಅಲ್ಲ, ಹೆಚ್ಚಿನ ಕೆಲಸ ಮನೆಯಲ್ಲೂ ಹತ್ತಿರದ ವೆಲ್ಡಿಂಗ್ ಶಾಪಿನಲ್ಲೂ ಮುಗೀತದೆ. ಆದ್ರೆ ಸರಿ ಮಾಡ್ಲಿಕ್ಕೆ ಹೊರಟವರಲ್ಲಿ ಅರ್ಧ ಜನ "ಇನ್ನು ಜನ್ಮದಲ್ಲಿ ಮುರಿಯಬಾರ್ದು" ಅಂತ ದಪ್ಪ ಪ್ಲೇಟ್ ಹೊಡೆದು, ದೊಡ್ಡ ಪಿನ್ ಹಾಕಿ ಬಿಡ್ತಾರೆ, ನನಗೆ ಇದು ಒಪ್ಪಿಗೆ ಇಲ್ಲ. ಕಲ್ಲಿಗೆ ಬಡಿದಾಗ ಎಂತಾದ್ರೂ ಒಂದು ಸೋಲಲೇಬೇಕು. ಅದು ಪಿನ್ನೋ, ಚೈನ್ ಬಿಗಿಯುವ ಟರ್ನ್‌ಬಕಲ್ಲೋ, ಹೆಚ್ಚೆಂದ್ರೆ ಲೋವರ್ ಲಿಂಕೋ ಆದ್ರೆ ಒಂದು ದಿನದ ಕೆಲಸ. ಅದೆಲ್ಲವನ್ನೂ ನೀವು ಗಟ್ಟಿ ಮಾಡಿಟ್ರೆ ಆ ಪೆಟ್ಟು ನೇರ ಹೋಗಿ ಕೂರುದು ಹಿಂದಿನ ಆಕ್ಸಲಿನ ಕವಚದ (ಆಕ್ಸಲ್ ಹೌಸಿಂಗ್) ಬೀಡಿಗೆ, ಅಂದ್ರೆ ಎರಕದ ಕಬ್ಬಿಣಕ್ಕೆ, ಅದು ಬಗ್ಗುವ ಜಾತಿ ಅಲ್ಲ, ಬಿರುಕು ಬಿಟ್ರೆ ಟ್ರ್ಯಾಕ್ಟರನ್ನೇ ನಡು ಬಿಚ್ಬೇಕು. ಹಾಗಾಗಿ ಇಲ್ಲಿ ಬರೆದದ್ದೆಲ್ಲ ಆಟ, ಅಂದ್ರೆ ಸಡಿಲ, ಕಮ್ಮಿ ಮಾಡ್ಲಿಕ್ಕೆ, ಗಟ್ಟಿ ಹೆಚ್ಚು ಮಾಡ್ಲಿಕ್ಕೆ ಅಲ್ಲ.

ಯಾವ ಲಿಂಕಿಗೆ ಯಾವಾಗ ಯಾವ ಕಡೆಯಿಂದ ಒತ್ತಡ ಬೀಳ್ತದೆ ಅಂತ ಗೊತ್ತಿದ್ರೆ ಯಾಕೆ ಬಗ್ಗಿದ್ದು ಅಂತ ನೋಡಿದ ಕೂಡ್ಲೇ ಹೇಳಬಹುದು. ಈ ಮೂರು ಕಡೆ ಹಿಡಿಯುವ ಲಿಂಕೇಜ್ ಹ್ಯಾರಿ ಫರ್ಗುಸನ್‌ನ ತಲೆ, 1926ರಲ್ಲಿ ಪೇಟೆಂಟ್, 1938ರಲ್ಲಿ ಹೆನ್ರಿ ಫೋರ್ಡ್ ಜೊತೆ ಬರೀ ಕೈ ಕುಲುಕಿ ಒಪ್ಪಂದ, ಮರುವರ್ಷ ಫೋರ್ಡ್ 9ಎನ್ ಬಂತು, ಆಮೇಲೆ ಇಡೀ ಲೋಕಕ್ಕೆ ಇದೇ. ಉಳುವಾಗ ಕೆಳಗಿನ ಎರಡು ಲೋವರ್ ಲಿಂಕ್ ಎಳೆತದಲ್ಲಿ ಇರ್ತವೆ, ಮೇಲಿನ ಟಾಪ್ ಲಿಂಕ್ ಮುಂದಕ್ಕೆ ಒತ್ತುತ್ತದೆ. ಎಳೆತಕ್ಕೆ ಆ ಪಟ್ಟಿ ಕಬ್ಬಿಣ ಎಷ್ಟು ಬೇಕಾದ್ರೂ ತಡೀತದೆ. ತಡೆಯದ್ದು ಎರಡಕ್ಕೆ: ಒಂದು, ಬದಿಯಿಂದ ಬೀಳುವ ಪೆಟ್ಟು. ಇನ್ನೊಂದು, ಸಾಮಾನು ನೆಲದಲ್ಲಿ ಇರುವಾಗಲೇ ರಿವರ್ಸ್ ಹೊಡೆಯುದು, ಆಗ ಎಳೆಯಬೇಕಾದ ಲಿಂಕನ್ನು ಹಿಂದಿನಿಂದ ಒತ್ತಿದ ಹಾಗೆ ಆಗಿ ನಡುವಲ್ಲಿ ಬಿಲ್ಲು. ನಮ್ಮ ಕಡೆ ನೋಡಿದ ಬಗ್ಗಿದ ಲಿಂಕುಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದು, ಇಲ್ಲದ್ರೆ ಲೋವರ್ ಲಿಂಕಿಗೆ ಸಂಕೋಲೆ ಕಟ್ಟಿ ಕುತ್ತಿ ಕಿತ್ತದ್ದು. ಸಂಕೋಲೆ ಕಟ್ಟುದಾದ್ರೆ ಹಿಂದೆ ತಗ್ಗಿನಲ್ಲಿ ಎಳೀಲಿಕ್ಕೇ ಇರುವ ಡ್ರಾಬಾರಿಗೆ ಕಟ್ಟಿ. ಟಾಪ್ ಲಿಂಕಿನ ಕೊಕ್ಕೆಗೆ ಕಟ್ಟಿ ಎಳೆದ್ರೆ ಲಿಂಕ್ ಅಲ್ಲ, ಟ್ರ್ಯಾಕ್ಟರೇ ಮುಂದೆ ಎದ್ದು ಡ್ರೈವರ್ ಮೇಲೆ ಮಗುಚ್ತದೆ, ಜನ ಸತ್ತದ್ದು ಹಾಗೆ.

ಸೈಜಿನ ವಿಷಯ ಬೇಗ ಮುಗಿಸ್ತೇನೆ. 24 ಎಚ್‌ಪಿ ಸಾಲಿನ ಕುಬೋಟಾ ನಿಯೋಸ್ಟಾರ್, ಮಹೀಂದ್ರಾ ಜೀವೋ ಇವೆಲ್ಲ ಕೆಟಗರಿ 1ರ ಸಾಮಾನು ಹಿಡಿಯುವವು, ಅಂದ್ರೆ ಲೋವರ್ ಪಿನ್ 22 ಮಿ.ಮೀ, ಟಾಪ್ ಲಿಂಕ್ ಪಿನ್ 19 ಮಿ.ಮೀ. ಅದಕ್ಕಿಂತ ಸಣ್ಣ ಗಾಡಿಗಳಲ್ಲಿ ಕೆಟಗರಿ 0 ಬರ್ತದೆ, ಅದ್ರಲ್ಲಿ ಎರಡೂ ಪಿನ್ 16 ಮಿ.ಮೀ. ದೊಡ್ಡ ಟ್ರ್ಯಾಕ್ಟರಿನ ಕೆಟಗರಿ 2ಕ್ಕೆ ಲೋವರ್ 28, ಟಾಪ್ 25. ಅಂಗಡಿಗೆ ಹೋಗುವ ಮೊದ್ಲು ವರ್ನಿಯರ್ ಹಿಡಿದು ಅಳತೆ ತಗೊಳ್ಳಿ, ಸವೆದ ಪಿನ್ನಿನದ್ದಲ್ಲ, ಪಿನ್ನಿನ ಸವೆಯದ ತುದಿಯದ್ದು. ಲೋವರ್ ಲಿಂಕಿನ ಎರಡು ತುದಿಯ ಕಣ್ಣಿನಲ್ಲಿ ತಿರುಗುವ, ಪಿನ್ ತೂರಿಸುವ ಗುಂಡುಗಳ ನಡುವಿನ ಉದ್ದವನ್ನೂ, ಅಂದ್ರೆ ಈ ತೂತಿನ ಸೆಂಟರಿಂದ ಆ ತೂತಿನ ಸೆಂಟರಿಗೆ, ಬರ್ಕೊಳ್ಳಿ. ಪುತ್ತೂರಿಗೋ ಮಂಗಳೂರಿಗೋ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ಹೋಗ್ತದೆ, ವಾಪಾಸ್ ಬದಲಿಸ್ಲಿಕ್ಕೆ ಹೋಗುದು ಬೇರೆ.

ಬಿಚ್ಚುವ ಮೊದ್ಲು

ಸಮತಟ್ಟಾದ ಜಾಗ ಬೇಕು, ಅಡಿಕೆ ಒಣಗಿಸುವ ಅಂಗಳ ಖಾಲಿ ಇದ್ರೆ ಅದೇ ಒಳ್ಳೇದು. ಸಾಮಾನನ್ನು ಪೂರ್ತಿ ನೆಲಕ್ಕೆ ಇಳಿಸಿ, ಇಂಜಿನ್ ಬಂದ್, ಕೀ ಕಿಸೆಗೆ, ಪಾರ್ಕಿಂಗ್ ಬ್ರೇಕ್, ಹಿಂದಿನ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು. ಹೈಡ್ರಾಲಿಕ್ಕಿನಲ್ಲಿ ಎತ್ತಿ ನಿಲ್ಲಿಸಿದ ರೋಟವೇಟರಿನ ಅಡಿಗೆ ಕೈ ಹಾಕುದು ಬೇಡವೇ ಬೇಡ, ಒಳಗೆ ಒಂದು ಸೀಲ್ ಲೀಕ್ ಇದ್ರೆ ಸಾಕು, ಅಥವಾ ಪಕ್ಕದಲ್ಲಿ ನಿಂತ ಮಗು ಲಿವರ್ ಮುಟ್ಟಿದ್ರೂ ಸಾಕು. ಎತ್ತಿ ಇಡಲೇಬೇಕಾದ್ರೆ ಮರದ ದಿಮ್ಮಿ ಕೊಟ್ಟು ಅದ್ರ ಮೇಲೆ ಕೂರಿಸಿ. ಮುರಕಲ್ಲಿನ ಮೇಲೆ ಬೇಡ, ಅದು ಒಳಗಿಂದ ಹುಡಿಯಾಗಿದ್ರೆ ಹೊರಗೆ ಗೊತ್ತಾಗುದಿಲ್ಲ.

ಆಮೇಲೆ ಲಿಂಕೇಜ್ ಪೂರ್ತಿ ತೊಳೀರಿ. ಗ್ರೀಸ್ ಮತ್ತು ಕೆಂಪು ಮಣ್ಣು ಸೇರಿ ಗಟ್ಟಿಯಾದದ್ದರ ಅಡಿಯಲ್ಲಿ ಎಂತ ಉಂಟು ಅಂತ ತೊಳೆಯದೆ ಕಾಣುದೇ ಇಲ್ಲ. ಬಿಚ್ಚುವ ಮೊದ್ಲು ಮೊಬೈಲಿನಲ್ಲಿ ಎಡ ಬಲ ಎರಡೂ ಕಡೆ ಫೋಟೋ ತೆಗೆದಿಡಿ, ಲೋವರ್ ಲಿಂಕನ್ನು ಎತ್ತುವ ಲಿಫ್ಟ್ ರಾಡ್ ಅದರ ಯಾವ ತೂತಿನಲ್ಲಿತ್ತು, ಲಾಕ್ ನಟ್ ಎಷ್ಟು ಹೊರಗಿತ್ತು, ಇದೆಲ್ಲ ನೆನಪಲ್ಲಿ ಇರುದಿಲ್ಲ.

ಯಾವುದು ಹಾಳಾಗಿದೆ ಅಂತ ಹುಡುಕುದು

ಬಗ್ಗಿದ ಲಿಂಕ್ ಕಣ್ಣಿಗೆ ಕಾಣ್ತದೆ, ಅದರ ಬಗ್ಗೆ ಹೆಚ್ಚು ಹೇಳ್ಬೇಕಾಗಿಲ್ಲ ಅಂತ ನಿಮಗೆ ಅನಿಸಬಹುದು. ಇಲ್ಲೇ ಒಂದು ಮೋಸ ಉಂಟು. ಕೆಲವು ಗಾಡಿಗಳಲ್ಲಿ ಲೋವರ್ ಲಿಂಕ್ ಫ್ಯಾಕ್ಟರಿಯಿಂದಲೇ ಚೂರು ಹೊರಗೆ ಬಾಗಿ ಬರ್ತದೆ, ಟಯರಿಗೂ ಲಿಫ್ಟ್ ರಾಡಿಗೂ ಜಾಗ ಸಿಗ್ಲಿಕ್ಕೆ. ಅದನ್ನು ಬಗ್ಗಿದ್ದು ಅಂತ ತಿಳ್ಕೊಂಡು ಪ್ರೆಸ್ಸಿನಲ್ಲಿ ನೆಟ್ಟಗೆ ಮಾಡಿಸಿದ್ರೆ ಮತ್ತೆ ಸಾಮಾನು ಕೂರುದಿಲ್ಲ. ಎರಡೂ ಲಿಂಕ್ ಬಿಚ್ಚಿ, ಒಂದನ್ನು ಮಗುಚಿ ಇನ್ನೊಂದರ ಮೇಲೆ ಇಡಿ, ಎರಡು ತುದಿಯ ತೂತಿಗೂ ಪಿನ್ ತೂರಿಸಿ ನೋಡಿ. ಎಡದ್ದೂ ಬಲದ್ದೂ ಕನ್ನಡಿಯ ಬಿಂಬದ ಲೆಕ್ಕ ಸರಿ ಕೂತ್ರೆ ಆ ಬಾಗು ಕಂಪೆನಿಯದ್ದು. ಒಂದು ಕಡೆ ಬೆಳಕು ಕಂಡ್ರೆ ಅಲ್ಲಿ ಪೆಟ್ಟು ಬಿದ್ದಿದೆ. ಎರಡೂ ಬಗ್ಗಿದ್ರೆ ಬೇರೆ ಯಾರದ್ದಾದ್ರೂ ಅದೇ ಮಾಡೆಲಿನ ಗಾಡಿ ಹುಡುಕಿ ರಟ್ಟಿನಲ್ಲಿ ಅಚ್ಚು ತಗೊಂಡು ಬರುದು ಒಳ್ಳೇದು.

ಬಗ್ಗಿದ್ದಕ್ಕಿಂತ ಹೆದರಬೇಕಾದ್ದು ಬಿರುಕಿಗೆ. ಗುಂಡು ಕೂತಿರುವ ಕಣ್ಣಿನ ಕುತ್ತಿಗೆಯಲ್ಲಿ, ಲಿಫ್ಟ್ ರಾಡಿನ ಪಿನ್ ಹೋಗುವ ತೂತಿನ ಸುತ್ತ, ಮತ್ತೆ ಚೆಕ್ ಚೈನ್ ಬ್ರಾಕೆಟಿನ ಮೂಲೆಯಲ್ಲಿ ನೋಡಿ. ಬರೀ ಕಣ್ಣಿಗೆ ಕಾಣುದಿಲ್ಲ. ಸೀಮೆಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಿಸಿ, ಆಮೇಲೆ ಶಾಲೆಯ ಬಿಳಿ ಚಾಕ್ ಉಜ್ಜಿ ಹುಡಿ ಕೂರಿಸಿ, ಸುತ್ತಿಗೆಯಲ್ಲಿ ಮೆಲ್ಲ ಎರಡು ತಟ್ಟಿ. ಬಿರುಕು ಇದ್ರೆ ಒಳಗೆ ಇಳಿದ ಸೀಮೆಎಣ್ಣೆ ಮೇಲೆ ಬಂದು ಚಾಕಿನಲ್ಲಿ ಕೂದಲಿನಷ್ಟು ತೆಳು ಕಪ್ಪು ಗೆರೆ ಮೂಡ್ತದೆ. ಪೇಟೆಯಲ್ಲಿ ಡೈ ಪೆನೆಟ್ರಂಟ್ ಸ್ಪ್ರೇ ಸಿಗ್ತದೆ, ಕೆಲಸದ ತತ್ವ ಅದೇ.

ಗುಂಡು ಕೈಯಲ್ಲಿ ತಿರುಗಿಸಿ ನೋಡಿ, ಎಲ್ಲ ಕಡೆ ತಿರುಗಬೇಕು, ಆದ್ರೆ ಅಲ್ಲಾಡಬಾರ್ದು. ಸ್ಕ್ರೂಡ್ರೈವರ್ ಕೊಟ್ಟು ಎತ್ತಿದಾಗ ಎರಡು ಮಿ.ಮೀ.ಗಿಂತ ಹೆಚ್ಚು ಆಟ ಇದ್ರೆ ನಾನಾದ್ರೆ ಬದಲಿಸ್ತೇನೆ. 22ರ ಪಿನ್ ಸವೆದು 20.5ಕ್ಕೆ ಬಂದಿದ್ರೆ ಗುಜರಿಗೆ. ಲೆವೆಲಿಂಗ್ ಮಾಡುವ ಬಲದ ಲಿಫ್ಟ್ ರಾಡಿನ ಮರೆ (ತ್ರೆಡ್) ಸವೆದಿದ್ಯಾ ಅಂತ ನೋಡ್ಲಿಕ್ಕೆ ಲಾಕ್ ನಟ್ ಲೂಸ್ ಮಾಡಿ ಮೇಲೆ ಕೆಳಗೆ ಜಗ್ಗಿ, ಟಕ ಟಕ ಅಂದ್ರೆ ಸವೆದಿದೆ. ಹೆಚ್ಚಿನವರು ಮರೆಯುವ ಜಾಗ ಚೆಕ್ ಚೈನ್ ಕಟ್ಟಿದ ಬ್ರಾಕೆಟಿನ ಬೋಲ್ಟುಗಳು. ಅವು ಹೌಸಿಂಗಿನ ಬೀಡಿಗೆ ಕೂತದ್ದು, ಬ್ರಾಕೆಟಿನ ಸುತ್ತ ತುಕ್ಕಿನ ಕೆಂಪು ಹುಡಿ ಉದುರಿದ ಕಲೆ ಇದ್ರೆ ಬೋಲ್ಟ್ ಒಳಗೆ ಅಲ್ಲಾಡ್ತಾ ಉಂಟು ಅಂತಲೇ ಅರ್ಥ, ನಿಮಗೆ ಸ್ಪಾನರಿಗೆ ಟೈಟ್ ಅನಿಸಿದ್ರೂ.

ನೆಟ್ಟಗೆ ಮಾಡುದು

ಬಗ್ಗಿದ್ದು ಒಂದು ಬೆರಳಿನ ದಪ್ಪದಷ್ಟು, ಬಿರುಕಿಲ್ಲ, ತಿರುಚಿಲ್ಲ ಅಂತಾದ್ರೆ ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ತಣ್ಣಗೇ ನೆಟ್ಟಗೆ ಮಾಡಿಸಿ. ಲಾರಿ ಗ್ಯಾರೇಜಿನಲ್ಲಿ ಬುಶ್ ಹೊಡೆಯುವ ಪ್ರೆಸ್ ಇರ್ತದೆ, ಅದು ಸಾಕು. ಒಂದೇ ಕಡೆ ಒತ್ತಬೇಡಿ, ಬಾಗು ಎಷ್ಟು ಉದ್ದಕ್ಕೆ ಹರಡಿದೆಯೋ ಅಷ್ಟು ಜಾಗದಲ್ಲಿ ಸ್ವಲ್ಪ ಸ್ವಲ್ಪ, ಪ್ರತಿ ಸಲ ಬಿಟ್ಟು ನೋಡಿ, ಯಾಕಂದ್ರೆ ಕಬ್ಬಿಣ ವಾಪಾಸ್ ಚೂರು ಬರ್ತದೆ, ಅಷ್ಟು ಹೆಚ್ಚು ಒತ್ತಬೇಕಾಗ್ತದೆ. ಹತ್ತಿರದ ವೆಲ್ಡಿಂಗ್ ಶಾಪಿನಲ್ಲಿ ಪ್ರೆಸ್ ಇಲ್ಲದೆ ಗ್ಯಾಸಿನಲ್ಲಿ ಕೆಂಪು ಮಾಡಿ ಸುತ್ತಿಗೆಯಲ್ಲಿ ಬಡಿದು ಟಪ್ಪಂತ ಬಕೆಟಿನ ನೀರಿಗೆ ಅದ್ದುವವರಿದ್ದಾರೆ, ಸುಂಯ್ ಅನ್ನುವ ಆ ಶಬ್ದ ಕೇಳಿದ್ರೆ ಅದು ಗಟ್ಟಿಯಾಯ್ತು ಅಂತ ಖುಷಿ ಪಡ್ಬೇಡಿ. ಗಟ್ಟಿ ಆದದ್ದು ನಿಜ, ಆದ್ರೆ ಗಾಜಿನ ಗಟ್ಟಿ. ಲೋವರ್ ಲಿಂಕ್ ಮೈಲ್ಡ್ ಸ್ಟೀಲ್ ಅಲ್ಲ, ಫೋರ್ಜ್ ಮಾಡಿದ ಮಧ್ಯಮ ಕಾರ್ಬನ್ ಸ್ಟೀಲ್, ನೀರಿಗೆ ಹಾಕಿದ್ರೆ ಮುಂದಿನ ಕಲ್ಲಿಗೆ ಬಗ್ಗುದಿಲ್ಲ, ತುಂಡೇ ಆಗ್ತದೆ. ಬಿಸಿ ಮಾಡಲೇಬೇಕಾದ್ರೆ ಕತ್ತಲೆಯಲ್ಲಿ ಮಾತ್ರ ಕಾಣುವ ಮಂದ ಕೆಂಪು ಸಾಕು, ಆಮೇಲೆ ಒಣ ಬೂದಿಯಲ್ಲಿ ಹೂತಿಟ್ಟು ಮರುದಿನ ತೆಗೀರಿ. ಅಡಿಕೆ ಸಿಪ್ಪೆ ಉರಿಸಿದ ಬೂದಿ ನಮ್ಮಲ್ಲಿ ಬೇಕಾದಷ್ಟು ಉಂಟಲ್ವಾ.

ಒಮ್ಮೆ ನೆಟ್ಟಗೆ ಮಾಡಿದ ಲಿಂಕ್ ಅದೇ ಜಾಗದಲ್ಲಿ ಇನ್ನೊಮ್ಮೆ ಬಗ್ಗಿದ್ರೆ ಮತ್ತೆ ಪ್ರೆಸ್ಸಿಗೆ ಒಯ್ಯಬೇಡಿ, ಹೊಸತೇ ತನ್ನಿ. ಕಣ್ಣಿನ ಕುತ್ತಿಗೆಯಲ್ಲಿ ಬಗ್ಗಿದ್ದಕ್ಕೂ ಅದೇ ಮಾತು.

ಗುಂಡು ಹೋದದ್ದು, ತುದಿ ಬದಲಿಸುದು

ಲಿಂಕಿನ ಮೈ ಚೆನ್ನಾಗಿದ್ದು ತುದಿಯ ಗುಂಡು ಮಾತ್ರ ಹೋಗಿದ್ರೆ ಇಡೀ ಲಿಂಕ್ ಬಿಸಾಡ್ಬೇಕಂತಿಲ್ಲ, ವೆಲ್ಡ್ ಮಾಡುವ ಬಾಲ್ ಎಂಡ್ ಬಿಡಿಯಾಗಿ ಸಿಗ್ತದೆ. ಇಲ್ಲಿ ಕೆಲಸ ಹಾಳಾಗುದು ಅಳತೆಯಲ್ಲಿ. ಒಂದು ಲಿಂಕ್ ಇನ್ನೊಂದಕ್ಕಿಂತ ಐದಾರು ಮಿ.ಮೀ ಉದ್ದ ಆದ್ರೂ ರೋಟವೇಟರ್ ಓರೆ ನಿಂತು, ಆಮೇಲೆ ಇಂಜಿನಿನ ಬಲದಲ್ಲಿ ರೋಟವೇಟರ್ ತಿರುಗಿಸುವ ಪಿಟಿಒ ಶಾಫ್ಟಿನ ಕ್ರಾಸ್ ಯಾಕೆ ಹೋಗ್ತಾ ಉಂಟು ಅಂತ ತಲೆ ಕೆರ್ಕೊಳ್ಬೇಕು. ಹಾಗಾಗಿ ಮೊದ್ಲು ಒಂದು ಜಿಗ್ ಮಾಡಿ: ಮೂರಡಿ ಸಿ ಚಾನೆಲ್ ತಗೊಂಡು ಒಳ್ಳೇ ಬದಿಯ ಲಿಂಕ್ ಅದ್ರ ಮೇಲಿಟ್ಟು ಎರಡೂ ತೂತಿಗೆ ಸರಿ ಕೂರುವ ಪಿನ್ ಇಳಿಸಿ ಆ ಪಿನ್ನುಗಳನ್ನು ಚಾನೆಲ್ಲಿಗೆ ನೆಟ್ಟಗೆ ನಿಲ್ಲಿಸಿ ವೆಲ್ಡ್ ಮಾಡಿ. ಆಮೇಲೆ ಆ ಒಳ್ಳೇ ಲಿಂಕ್ ಎತ್ತಿ, ರಿಪೇರಿಯದ್ದನ್ನೂ ಹೊಸ ತುದಿಯನ್ನೂ ಅದೇ ಪಿನ್ನಿಗೆ ಸಿಕ್ಕಿಸಿ ಟ್ಯಾಕ್ ಹಾಕಿದ್ರೆ ಉದ್ದ ತಪ್ಪುವ ಪ್ರಶ್ನೆಯೇ ಇಲ್ಲ. ಬಾಗು ಇರುವ ಲಿಂಕ್ ಆದ್ರೆ ಎಡ ಬಲದ ಲೆಕ್ಕ ನೋಡ್ಕೊಂಡು ಮಗುಚಿ ಇಡ್ಬೇಕು ಅಷ್ಟೆ.

ಕತ್ತರಿಸುದು ಲಿಂಕಿನ ನೆಟ್ಟಗಿರುವ ಭಾಗದಲ್ಲಿ, ತೂತಿನ ಹತ್ರ ಅಲ್ಲ. ಎರಡೂ ಕಡೆಯ ಅಂಚನ್ನು ಗ್ರೈಂಡರಿನಲ್ಲಿ ಎರಡು ಬದಿಯಿಂದಲೂ ಇಳಿಜಾರು ಮಾಡಿ, ನಡುವಲ್ಲಿ ಎರಡು ಮೂರು ಮಿ.ಮೀ ಸಂದು ಬಿಡಿ, ವೆಲ್ಡ್ ಒಳಗಿನವರೆಗೆ ಇಳೀಬೇಕು, ಮೇಲಿಂದ ಚಂದ ಕಂಡ್ರೆ ಸಾಲದು. ವೆಲ್ಡಿಂಗ್ ರಾಡ್ 7018, ಅಂಗಡಿಯವ ಕೊಡುವ ಸಾದಾ 6013 ಗೇಟಿಗೂ ಗ್ರಿಲ್ಲಿಗೂ ಸರಿ, ಇದಕ್ಕೆ ಬೇಡ. 7018ಕ್ಕೆ ಒಂದು ದುರ್ಗುಣ ಉಂಟು, ಹಪ್ಪಳದ ಹಾಗೆ ಗಾಳಿಯ ಪಸೆ ಎಳ್ಕೊಳ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ ಹತ್ತಿರ ಮಳೆ ಬೀಳುವ ಊರಿನಲ್ಲಿ ಬಿಚ್ಚಿಟ್ಟ ಪ್ಯಾಕೆಟ್ ಎಷ್ಟು ಒಣಗಿರ್ತದೆ ನೀವೇ ಯೋಚನೆ ಮಾಡಿ. ಆ ಪಸೆಯಿಂದ ಹೈಡ್ರೋಜನ್ ವೆಲ್ಡಿನ ಒಳಗೆ ಸೇರಿ, ವೆಲ್ಡ್ ಆದ ದಿನ ಎಲ್ಲ ಸರಿ ಕಂಡು ಮರುದಿನ ತಾನಾಗಿ ಬಿರುಕು ಬಿಡ್ತದೆ. ಹೊಸ ಪ್ಯಾಕೆಟ್ ತನ್ನಿ, ಅಥವಾ ಓವನ್ ಇರುವ ಶಾಪಿನಲ್ಲಿ 300 ಡಿಗ್ರಿ ಸುಮಾರಿಗೆ ಒಂದೆರಡು ಗಂಟೆ ಕಾಯಿಸಿದ ರಾಡ್ ಕೇಳಿ. ಬಿಸಿಲಿಗೆ ಒಣಗಿಸಿದ್ದು ಒಣಗಿದ್ದಲ್ಲ.

ವೆಲ್ಡ್ ಮಾಡುವ ಮೊದ್ಲು ಎರಡೂ ತುಂಡನ್ನು 150ರಿಂದ 200 ಡಿಗ್ರಿವರೆಗೆ ಬಿಸಿ ಮಾಡಿ, ನೀರಿನ ಹನಿ ಬಿದ್ದ ಕೂಡ್ಲೇ ಚುಂಯ್ ಅಂತ ಮಾಯ ಆಗುವಷ್ಟು. ಈಗ ಇನ್‌ಫ್ರಾರೆಡ್ ಥರ್ಮಾಮೀಟರ್ ಕಮ್ಮಿಗೆ ಸಿಗ್ತದೆ, ಅದಿದ್ರೆ ಅಂದಾಜು ಬೇಡ. ಡಿಸಿ ಮೆಶಿನ್, ರಾಡ್ ಪ್ಲಸ್ಸಿನಲ್ಲಿ. ಒಂದು ಪಾಸ್ ಆದ ಮೇಲೆ ಸ್ಲ್ಯಾಗ್ ಪೂರ್ತಿ ತಟ್ಟಿ ಬ್ರಶ್ ಮಾಡಿ ಇನ್ನೊಂದು ಬದಿಗೆ ಮಗುಚಿ ಅಲ್ಲೊಂದು ಪಾಸ್, ಹೀಗೆ ಅದಲು ಬದಲು, ಇಲ್ಲದ್ರೆ ಲಿಂಕ್ ಒಂದು ಕಡೆ ಎಳ್ಕೊಳ್ತದೆ. ಮುಗಿದ ಮೇಲೆ ಬೂದಿಯ ಡಬ್ಬಕ್ಕೆ. ಮರುದಿನ ಸೀಮೆಎಣ್ಣೆ ಚಾಕ್ ಟೆಸ್ಟ್ ಇನ್ನೊಮ್ಮೆ, ಇದನ್ನು ಬಿಡ್ಬೇಡಿ.

ವೆಲ್ಡಿಂಗ್ ಯಾವಾಗ್ಲೂ ಬಿಚ್ಚಿ ಬೆಂಚಿನ ಮೇಲೆ ಮಾಡಿ. ಗಾಡಿಯಲ್ಲೇ ಮಾಡದೆ ನಿರ್ವಾಹ ಇಲ್ಲದ್ರೆ ಬ್ಯಾಟರಿಯ ಮೈನಸ್ ಕಳಚಿ, ಅರ್ತ್ ಕ್ಲಾಂಪ್ ವೆಲ್ಡ್ ಆಗುವ ತುಂಡಿಗೇ ಹಾಕಿ, ಮುಂದಿನ ಬಂಪರಿಗೆ ಅಲ್ಲ. ದೂರ ಹಾಕಿದ್ರೆ ಕರೆಂಟ್ ಬೇರಿಂಗ್, ಗೇರಿನ ಮೂಲಕ ದಾರಿ ಹುಡುಕ್ತದೆ. ಆಕ್ಸಲ್ ಹೌಸಿಂಗಿನ ಬೀಡಿಗೆ ಮಾತ್ರ ರಾಡ್ ಮುಟ್ಟಿಸಲೇಬೇಡಿ, ಯಾರು ಎಷ್ಟು ಧೈರ್ಯ ಹೇಳಿದ್ರೂ.

ತೂತು ಅಂಡಾಕಾರ ಆಗಿದ್ರೆ, ಮರೆ ಕಿತ್ತಿದ್ರೆ

ಬ್ರಾಕೆಟಿನ ತೂತು 22ರಿಂದ 25ಕ್ಕೆ ಹೋಗಿ ಮೊಟ್ಟೆಯ ಆಕಾರ ಆಗಿದ್ರೆ ವೆಲ್ಡಿನಲ್ಲಿ ತುಂಬಿಸಿ ಮತ್ತೆ ಡ್ರಿಲ್ ಹಾಕುದು ಎಲ್ಲರ ಪದ್ಧತಿ, ಡ್ರಿಲ್ ಬಿಟ್ ಗಟ್ಟಿ ವೆಲ್ಡಿಗೆ ತಾಗಿ ಓಡ್ತದೆ, ಸೆಂಟರ್ ತಪ್ತದೆ. ಅದಕ್ಕಿಂತ ಲೇತಿನವರ ಹತ್ರ 30 ಮಿ.ಮೀ.ಗೆ ಬೋರ್ ಮಾಡಿಸಿ, ಹೊರಗೆ 30 ಒಳಗೆ 22.5 ಇರುವ ಇಎನ್8 ಸ್ಟೀಲಿನ ಬುಶ್ ಕೂರಿಸಿ ಹೊರಗಿನಿಂದ ವೆಲ್ಡ್ ಹಾಕಿಸಿ. ಬ್ರಾಕೆಟಿನಲ್ಲಿ ಸುತ್ತ ಸಾಕಷ್ಟು ಮಾಂಸ ಉಳೀತದಾ ಅಂತ ನೋಡಿ, ಉಳಿಯದಿದ್ರೆ ಹೊಸ ಬ್ರಾಕೆಟ್.

ಹೌಸಿಂಗಿನಲ್ಲಿ ಮರೆ ಕಿತ್ತು ಬಂದದ್ದು ಸ್ವಲ್ಪ ತಲೆನೋವಿನ ಕೆಲಸ. ಬೋಲ್ಟ್ ತೆಗೆದಾಗ ಮರೆಯಲ್ಲಿ ಬೀಡಿನ ಹುಡಿ ಸುತ್ತಿಕೊಂಡು ಬಂದ್ರೆ ಆ ತೂತು ಮುಗೀತು ಅಂತ ಲೆಕ್ಕ. ಹೊಸ ಮರೆಯಾಗಿ ಕೂರುವ ಸ್ಪ್ರಿಂಗಿನಂಥ ಹೆಲಿಕಾಯಿಲ್ ಹಾಕಿದ್ರೆ ಅದೇ ಸೈಜಿನ ಬೋಲ್ಟ್ ಉಳಿಸ್ಕೊಳ್ಬಹುದು, ನನಗೆ ಅದೇ ಇಷ್ಟ. ದೊಡ್ಡದು ಮಾಡುದಾದ್ರೆ ಎಂ12ರ, ಅಂದ್ರೆ 12 ಮಿ.ಮೀ ದಪ್ಪದ ಬೋಲ್ಟಿನ, ಜಾಗದಲ್ಲಿ ಎಂ14, ಅದಕ್ಕೆ 12 ಮಿ.ಮೀ ಡ್ರಿಲ್, ಬ್ರಾಕೆಟಿನ ತೂತೂ ದೊಡ್ಡ ಮಾಡ್ಬೇಕು. ಬೀಡಿನಲ್ಲಿ ಬೋಲ್ಟ್ ತನ್ನ ದಪ್ಪದ ಒಂದೂವರೆ ಪಾಲಿನಷ್ಟಾದ್ರೂ ಒಳಗೆ ಹಿಡೀಬೇಕು. ಕೆಲವು ತೂತು ಒಳಗಿನ ಆಯಿಲಿಗೆ ತೂರಿರ್ತದೆ, ಹಾಗಾಗಿ ಡ್ರಿಲ್ ಹಾಕುವ ಮೊದ್ಲು ಒಂದು ತಂತಿ ಇಳಿಸಿ ತಳ ಸಿಗ್ತದಾ ನೋಡಿ, ತಂತಿಗೆ ಆಯಿಲ್ ಹತ್ತಿದ್ರೆ ಆಯಿಲ್ ಇಳಿಸಿಯೇ ಮುಂದುವರೀಬೇಕು, ಬಿಟ್ಟಿಗೆ ಗ್ರೀಸ್ ಹಚ್ಚಿ, ಹುಡಿ ಅದಕ್ಕೆ ಅಂಟಿ ಹೊರಗೆ ಬರ್ತದೆ.

ಬೋಲ್ಟಿನ ಬಲದ ಗ್ರೇಡ್ 8.8, ಅಥವಾ ಮೊದ್ಲು ಇದ್ದದ್ದು 10.9 ಆದ್ರೆ 10.9, ತಲೆಯ ಮೇಲೆ ಬರೆದಿರ್ತದೆ, ಬರೆಯದ ಬೋಲ್ಟ್ ಬೇಡ. ಮರೆಯ ಎಣ್ಣೆ ಪೂರ್ತಿ ತೆಗೆದು ನೀಲಿ ಬಣ್ಣದ ಲಾಕ್‌ಟೈಟ್ 243 ಹಚ್ಚಿ. ಬಿಗಿಯುವ ಬಲ (ಟಾರ್ಕ್) ಗಾಡಿಯ ಪುಸ್ತಕದಲ್ಲಿದ್ದ ಹಾಗೆ, ಪುಸ್ತಕ ಇಲಿ ತಿಂದಿದ್ರೆ ಸಾಮಾನ್ಯವಾಗಿ 8.8ರ ಎಂ12ಕ್ಕೆ 80, ಎಂ16ಕ್ಕೆ 200 ನ್ಯೂಟನ್ ಮೀಟರ್ ಸುಮಾರು.

ಹೊಸತು ಹಾಕುದಾದ್ರೆ

ಒಂದೇ ಅಪ್‌ಗ್ರೇಡಿಗೆ ದುಡ್ಡು ಉಂಟು ಅಂತಾದ್ರೆ ಚೆಕ್ ಚೈನ್ ತೆಗೆದು ಪೈಪಿನೊಳಗೆ ಪೈಪ್ ಜಾರುವ ಟೆಲಿಸ್ಕೋಪಿಕ್ ಸ್ಟೆಬಿಲೈಸರ್ ಹಾಕಿ. ಚೈನ್ ಎಳೆತ ಮಾತ್ರ ತಡೀತದೆ, ಒಂದು ಬದಿಯದ್ದು ಲೂಸ್ ಆದ್ರೆ ಸಾಮಾನು ಇನ್ನೊಂದು ಬದಿಗೆ ಓಡಿ ಟಯರಿಗೆ ಬಡೀತದೆ, ಲಿಂಕಿನ ಹೊರಮೈಯಲ್ಲಿ ರಬ್ಬರ್ ಉಜ್ಜಿದ ಕಪ್ಪು ಕಲೆ ಇದ್ರೆ ಅದು ಇದೇ ಕಥೆ. ಸ್ಟೆಬಿಲೈಸರಿಗೆ ಎರಡು ರೀತಿ ಉಂಟು, ಉರುಟು ತೂತಿಗೆ ಪಿನ್ ಹಾಕಿದ್ರೆ ಗಟ್ಟಿ ನಿಲ್ತದೆ, ಉದ್ದ ಸೀಳಿಗೆ ಹಾಕಿದ್ರೆ ಸ್ವಲ್ಪ ಆಟ ಬಿಡ್ತದೆ. ರೋಟವೇಟರ್, ಗುಂಡಿ ತೋಡುವ ಅಗರ್, ಹಿಂದಿನ ಬ್ಲೇಡ್ ಇದಕ್ಕೆಲ್ಲ ಗಟ್ಟಿ. ಕಲ್ಟಿವೇಟರಿಗೆ, ನೇಗಿಲಿಗೆ ಎರಡೂ ಬದಿ ಒಂದೆರಡು ಇಂಚು ಆಟ ಬೇಕು, ಇಲ್ಲದ್ರೆ ತಿರುಗುವಾಗ ಟ್ರ್ಯಾಕ್ಟರನ್ನೇ ಎಳ್ಕೊಂಡು ಹೋಗ್ತದೆ. ಸ್ಟೆಬಿಲೈಸರಿನ ಪಿನ್ ಮಾತ್ರ ಅದ್ರ ಜೊತೆ ಬಂದದ್ದೇ ಇರ್ಲಿ, ಸೋಲುದು ಅದೇ ಆಗ್ಬೇಕು.

ಚೈನೇ ಸಾಕು ಅನ್ನುವವರು ಟರ್ನ್‌ಬಕಲ್ ಒಳ್ಳೇದು ಹಾಕಿ, ಲಾಕ್ ನಟ್ ಮರೀಬೇಡಿ. ಆದ್ರೆ ಚೈನ್ ಬಿಗಿಯುದು ಸಾಮಾನು ಕೆಲಸದ ಎತ್ತರದಲ್ಲಿ ಇರುವಾಗ, ಬಿಗಿದ ಮೇಲೆ ಮೆಲ್ಲ ಪೂರ್ತಿ ಮೇಲೆ ಪೂರ್ತಿ ಕೆಳಗೆ ಮಾಡಿ ನೋಡಿ. ಚೈನಿನ ಮುಂದಿನ ಕೊಕ್ಕೆಯೂ ಲೋವರ್ ಲಿಂಕಿನ ಮುಂದಿನ ಪಿನ್ನೂ ಒಂದೇ ಗೆರೆಯಲ್ಲಿ ಇಲ್ಲದ ಗಾಡಿಯಲ್ಲಿ ಎತ್ತುತ್ತಾ ಹೋದ ಹಾಗೆ ಚೈನ್ ಇನ್ನೂ ಬಿಗೀತದೆ, ಹೈಡ್ರಾಲಿಕ್ಕಿನ ಬಲಕ್ಕೆ ಆ ಬ್ರಾಕೆಟ್ ಬೋಲ್ಟ್ ಕಿತ್ತು ಬರುದು ಹೀಗೆಯೇ, ಕಲ್ಲೇ ತಾಗ್ಬೇಕಂತಿಲ್ಲ.

ಎರಡನೇದು ಪಿನ್ನುಗಳು. ಹೊಸ ಪಿನ್ ತಗೊಳ್ಳುವಾಗ ಕಿಸೆಯಲ್ಲಿ ಸಣ್ಣ ಅರ ಇಟ್ಕೊಂಡು ಹೋಗಿ, ಪಿನ್ನಿನ ತುದಿಗೆ ಒಂದು ಉಜ್ಜಿ ನೋಡಿ. ಹಾರ್ಡ್ ಮಾಡಿದ ಪಿನ್ನಿನ ಮೇಲೆ ಅರ ಜಾರ್ತದೆ, ಮೆತ್ತಗಿನದ್ದನ್ನು ಕಚ್ತದೆ. ಅಂಗಡಿಯವ ಮುಖ ಗಂಟಿಕ್ಕಬಹುದು, ಗಂಟಿಕ್ಕಲಿ. ಲಿಂಚ್ ಪಿನ್ನಿನ ರಿಂಗ್ ಸ್ಪ್ರಿಂಗ್ ಗಟ್ಟಿ ಇರುದು ನೋಡಿ ತಗೊಳ್ಳಿ, ರಬ್ಬರ್ ತೋಟದಲ್ಲಿ ಕೆಲಸ ಇದ್ರೆ ನೆಲ ಮುಚ್ಲಿಕ್ಕೆ ಬೆಳೆಸುವ ಪ್ಯುರೇರಿಯಾ ಬಳ್ಳಿ ಆ ರಿಂಗಿಗೆ ಸಿಕ್ಕಿ ಎತ್ತಿ ಬಿಸಾಡ್ತದೆ, ಅಂಥಲ್ಲಿ ಒಳ್ಳೇ ಆರ್ ಕ್ಲಿಪ್ ವಾಸಿ.

ಕ್ವಿಕ್ ಹಿಚ್ ಫ್ರೇಮ್ ನೋಡ್ಲಿಕ್ಕೆ ಚಂದ, ವಿಡಿಯೋ ನೋಡಿ ಆಸೆ ಆಗ್ತದೆ, ಸೀಟಿಂದ ಇಳಿಯದೆ ಸಾಮಾನು ಸಿಕ್ಕಿಸುದು. ಅಡಿಕೆ ತೋಟಕ್ಕೆ ನಾನು ಬೇಡ ಅಂತಲೇ ಹೇಳುದು. ಸಾಮಾನು ನಾಲ್ಕಿಂಚು ಸುಮಾರು ಹಿಂದೆ ಹೋಗ್ತದೆ, ಮೊದ್ಲೇ ಸಾಲಿನ ಕೊನೆಯಲ್ಲಿ ತಿರುಗ್ಲಿಕ್ಕೆ ಜಾಗ ಇಲ್ಲ, ಮೇಲಿಂದ ಬ್ರೋಶರಿನಲ್ಲಿ 750 ಕೆಜಿ ಎತ್ತುವ ಗಾಡಿ ಅಂತ ಬರೆದದ್ದು ಲಿಂಕಿನ ತುದಿಯ ಲೆಕ್ಕ, ಭಾರ ಹಿಂದೆ ಹೋದಷ್ಟು ಆ ಲೆಕ್ಕ ಇಳೀತದೆ, ಏರಿನಲ್ಲಿ ಮುಂದಿನ ಚಕ್ರ ಹಗುರ ಆಗ್ತದೆ. ಪಿಟಿಒ ಶಾಫ್ಟಿನ ಉದ್ದವೂ ಮತ್ತೆ ನೋಡ್ಬೇಕು, ಒಳಗಿನ ಪೈಪ್ ಹೊರಗಿನದ್ದರಲ್ಲಿ ಮೂರನೇ ಒಂದು ಪಾಲಾದ್ರೂ ಇರ್ಬೇಕು, ಅತಿ ಗಿಡ್ಡ ಆಗುವ ಎತ್ತರದಲ್ಲಿ ಇಂಚಾದ್ರೂ ಸಂದು ಉಳೀಬೇಕು. ಅದ್ರ ಬದಲು ತುದಿ ಹೊರಗೆ ಎಳೆಯುವ ಟೆಲಿಸ್ಕೋಪಿಕ್ ಲೋವರ್ ಲಿಂಕ್ ನಿಮ್ಮ ಮಾಡೆಲಿಗೆ ಸಿಕ್ಕಿದ್ರೆ ಅದು ಹಾಕಿ, ಕಟ್ಟುವಾಗ ರೋಟವೇಟರನ್ನು ಪಾರೆಯಲ್ಲಿ ಎಬ್ಬುವ ಕೆಲಸ ತಪ್ತದೆ. ಹೈಡ್ರಾಲಿಕ್ ಟಾಪ್ ಲಿಂಕಿಗೆ ಡಬಲ್ ಆಕ್ಟಿಂಗ್ ವಾಲ್ವ್ ಬೇಕು, ಸಣ್ಣ ಗಾಡಿಯಲ್ಲಿ ಅದು ಇರುದೇ ಅಪರೂಪ, ಒಳ್ಳೇ ಮರೆಯ ಸಾದಾ ಟಾಪ್ ಲಿಂಕ್ ಸಾಕು.

ಬೇಡವೇ ಬೇಡದ್ದು: ಲೋವರ್ ಲಿಂಕಿನ ಬದಿಗೆ ಪ್ಲೇಟ್ ಹೊಡೆಯುದು, ಗುಂಡು ಕಿತ್ತು ಕೆಟಗರಿ 2ರ ದೊಡ್ಡ ಪಿನ್ ಹಾಕುದು, ಪಿಟಿಒ ಶಾಫ್ಟಿನ ಶಿಯರ್ ಬೋಲ್ಟ್ ಪದೇ ಪದೇ ತುಂಡಾಗ್ತದೆ ಅಂತ ಅಲ್ಲಿ 10.9 ಬೋಲ್ಟ್ ಬಿಗಿಯುದು. ಆ ಬೋಲ್ಟ್ ತುಂಡಾಗ್ಲಿಕ್ಕೇ ಇಟ್ಟದ್ದು ಮಾರಾಯ್ರೆ.

ಕೂರಿಸಿ ನೋಡುದು

ಎಲ್ಲ ಜೋಡಿಸಿದ ಮೇಲೆ ಎರಡೂ ಹಿಂದಿನ ಟಯರಿನ ಗಾಳಿ ಒಂದೇ ಮಾಡಿ, ಇಲ್ಲದ್ರೆ ಲೆವೆಲ್ ನೋಡಿ ಪ್ರಯೋಜನ ಇಲ್ಲ. ಸಾಮಾನು ಕಟ್ಟದೆ ಖಾಲಿ ಎತ್ತಿ ಇಳಿಸಿ, ಎರಡೂ ಗುಂಡು ನೆಲದಿಂದ ಒಂದೇ ಎತ್ತರ ಬರುವ ಹಾಗೆ ಬಲದ ಲಿಫ್ಟ್ ರಾಡ್ ತಿರುಗಿಸಿ. ಪ್ರತಿ ಗುಂಡಿಂದ ಆಯಾ ಬದಿಯ ಟಯರಿನ ಒಳಮೈಗೆ ಅಳೀರಿ, ಎರಡೂ ಒಂದೇ ಆಗ್ಬೇಕು. ಆಮೇಲೆ ರೋಟವೇಟರ್ ಕಟ್ಟಿ ಪಿಟಿಒ ಬಂದ್ ಇಟ್ಟೇ ಮೆಲ್ಲ ಪೂರ್ತಿ ಎತ್ತಿ, ಶಾಫ್ಟ್ ಎಲ್ಲಿಯಾದ್ರೂ ತಳ ಮುಟ್ಟಿ ಒತ್ತುತ್ತದಾ, ಯಾವುದಾದ್ರೂ ಹೋಸ್ ಎಳೀತದಾ ನೋಡಿ. ಸರಿ ಉಂಟು ಅಂತಾದ್ರೆ ಮೆತ್ತಗಿನ ಮಣ್ಣಿನಲ್ಲಿ ಕಾಲು ಗಂಟೆ ಹೊಡೆದು, ನಿಲ್ಲಿಸಿ, ಬ್ರಾಕೆಟ್ ಬೋಲ್ಟುಗಳಿಗೆಲ್ಲ ಸ್ಪಾನರ್ ಇಟ್ಟು ನೋಡಿ, ಹತ್ತು ಗಂಟೆ ಕೆಲಸ ಆದ ಮೇಲೆ ಇನ್ನೊಮ್ಮೆ. ಬೋಲ್ಟ್ ತಲೆಯಿಂದ ಬ್ರಾಕೆಟಿಗೆ ಪೈಂಟಿನಲ್ಲಿ ಒಂದು ಗೆರೆ ಎಳೆದಿಟ್ರೆ ತಿರುಗಿದ್ದು ದೂರದಿಂದಲೇ ಕಾಣ್ತದೆ.

ಮಳೆಗಾಲಕ್ಕೆ ಮೊದ್ಲು ಟಾಪ್ ಲಿಂಕಿನ, ಲೆವೆಲಿಂಗ್ ರಾಡಿನ, ಟರ್ನ್‌ಬಕಲ್ಲಿನ ಮರೆ ಪೂರ್ತಿ ಬಿಚ್ಚಿ ಗ್ರೀಸ್ ತುಂಬಿಸಿ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯವರು ಎರಡು ಸಲ ಮಾಡಿ, ಅಲ್ಲಿ ಉಪ್ಪು ಗಾಳಿಗೆ ಮರೆ ಒಂದೇ ಮಳೆಗಾಲದಲ್ಲಿ ಕಚ್ಚಿ ಕೂರ್ತದೆ, ಮತ್ತೆ ಪೈಪ್ ರೆಂಚಿಗೂ ಜಗ್ಗುದಿಲ್ಲ. ಗುಂಡಿಗೆ ಗ್ರೀಸ್ ಬೇಕಾ ಬೇಡ್ವಾ ಅಂತ ಇಬ್ಬರಲ್ಲಿ ಇಬ್ಬರೂ ಬೇರೆ ಹೇಳ್ತಾರೆ, ಧೂಳಿನ ಸಮಯ ಹಾಕಿದ್ರೆ ಹೊಯಿಗೆ ಅಂಟಿ ಅರೆಯುವ ಪೇಸ್ಟ್ ಆಗ್ತದೆ, ಹಾಗಾಗಿ ನಾನು ಮಳೆಗಾಲದಲ್ಲಿ ಮಾತ್ರ ಹಾಕುದು. ಟೂಲ್ ಬಾಕ್ಸಿನಲ್ಲಿ ಒಂದು 22ರ ಪಿನ್, ಒಂದು 19ರ ಪಿನ್, ನಾಲ್ಕೈದು ಶಿಯರ್ ಬೋಲ್ಟ್ ಯಾವಾಗ್ಲೂ ಇರ್ಲಿ. ಲಿಂಚ್ ಪಿನ್ ಮಾತ್ರ ಅರ್ಧ ಡಜನ್ ತಗೊಳ್ಳಿ, ಕಣಿಗೆ ಬಿದ್ದದ್ದು ಹುಡುಕಿ ಸಿಗುವ ಸಾಮಾನಲ್ಲ ಅದು.